"ಸ್ವಲ್ಪ ಅಡ್ಜಸ್ಟ್ ಮಾಡು" ಅಂದಾಗ ಒಬ್ಬ ಕ್ರೈಸ್ತ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು. ಮಂಗಳೂರಿನ ಒಂದು ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ. ಇಲ್ಲದ ಸ್ಟಾಕನ್ನು ಇದೆ ಎಂದು ಗಿರಾಕಿಗಳಿಗೆ ಹೇಳಿಸುತ್ತಾರೆ. ಆಯುಧ ಪೂಜೆ ಹತ್ತಿರ ಬರುತ್ತಿದೆ, ಪ್ರಸಾದ ತೆಗೆದುಕೊಳ್ಳಬೇಕೋ ಬೇಡವೋ ತಿಳಿಯುತ್ತಿಲ್ಲ. ಯಾರನ್ನು ಕೇಳಿದರೂ "ಸ್ವಲ್ಪ ಅಡ್ಜಸ್ಟ್ ಮಾಡು" ಅನ್ನುತ್ತಾರೆ. ಹೀಗೇ ಹೋದರೆ ನನ್ನ ವಿಶ್ವಾಸದಲ್ಲಿ ಏನು ಉಳಿಯುತ್ತದೆ ಎಂದು ಕೇಳಿದ್ದೀರಿ.

ನಾನು ಉಡುಪಿ ಕಡೆಯವನು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ಅಂದರೆ ಆ ಚರ್ಚಿನವನು. ವಯಸ್ಸು ಐವತ್ತು ದಾಟಿದೆ. ಈ "ಅಡ್ಜಸ್ಟ್" ನನಗೆ ಚೆನ್ನಾಗಿ ಗೊತ್ತು. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಮಾಡಿಕೊಟ್ಟರೆ ಅದು ಒಳ್ಳೆಯ ಗುಣವೇ. ನಾನು ಸೋತದ್ದು ಅದೇ ಮಾತು ಸ್ಟಾಕ್ ರಿಜಿಸ್ಟರಿನ ಹತ್ತಿರ ಬಂದಾಗ.

ಆಗ ನಾನು ಒಬ್ಬ ಕಂಟ್ರಾಕ್ಟರ ಹತ್ತಿರ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಸಿಮೆಂಟ್ ಲೋಡ್ ಬಂತು. ಚಲನ್‌ನಲ್ಲಿ 320 ಚೀಲ ಅಂತ ಇತ್ತು, ಎಣಿಸಿದರೆ 310. ಸೂಪರ್‌ವೈಸರ್ "ಹತ್ತು ಚೀಲ ಬೇರೆ ಸೈಟಿಗೆ ಇಳಿಸಿದ್ದೇವೆ, ಅಡ್ಜಸ್ಟ್ ಮಾಡಿ" ಎಂದರು. ನಂಬಿ ಸಹಿ ಹಾಕಿದೆ. ಎರಡನೆಯ ಸಲವೂ ಹೀಗೇ ಆಯಿತು. ಆಗ ನನಗೆ ನಂಬಿಕೆ ಇರಲಿಲ್ಲ, ಆದರೂ ಸಹಿ ಹಾಕಿದೆ. ಮೂರನೆಯ ಲೋಡಿನಿಂದ ನಾನು ಎಣಿಸುವುದನ್ನೇ ಬಿಟ್ಟೆ. ಎಣಿಸದಿದ್ದರೆ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲ ಅಲ್ವಾ? ಹಾಗೆ ನನಗೆ ನಾನೇ ಹೇಳಿಕೊಂಡೆ. ಇವತ್ತಿಗೂ ನನ್ನನ್ನು ಜಾಸ್ತಿ ನೋಯಿಸುವುದು ಸಹಿಗಿಂತ ಆ ಎಣಿಕೆ ಬಿಟ್ಟದ್ದು. ಸಹಿ ಹಾಕುವಾಗ ಕೈ ಒಂದಿಷ್ಟು ತಡೆಯುತ್ತಿತ್ತು. ಎಣಿಸುವುದು ಬಿಟ್ಟ ಮೇಲೆ ಆ ತಡೆಯೂ ಹೋಯಿತು.

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಕೂತು ಸತ್ಯವೇದ ಓದಿ ಪ್ರಾರ್ಥನೆ ಮಾಡುತ್ತೇವೆ. ಒಂದು ರಾತ್ರಿ ಓದುವ ಸರದಿ ಮಗಳದ್ದು, ಬಂದದ್ದು ಯಾಜಕಕಾಂಡ 19ನೆಯ ಅಧ್ಯಾಯ. ತೂಕದಲ್ಲಿ, ಅಳತೆಯಲ್ಲಿ ಮೋಸ ಮಾಡಬೇಡಿ, ತಕ್ಕಡಿಯೂ ತೂಕದ ಕಲ್ಲೂ ನ್ಯಾಯವಾಗಿರಲಿ ಎಂದು ದೇವರು ಹೇಳುವ ಭಾಗ. ಅವಳು ಓದಿ ಮುಗಿಸಿ, ಪ್ರಾರ್ಥನೆ ಮಾಡಿ ಪಪ್ಪಾ ಎಂದಳು. ನನಗೆ ಬಾಯಿ ಬರಲಿಲ್ಲ. ಹೆಂಡತಿಯೇ ಪ್ರಾರ್ಥನೆ ಮಾಡಿದಳು.

ಮರುದಿನ ಮಾಲೀಕರ ಮನೆಗೆ ಹೋಗಿ ಎಲ್ಲ ಹೇಳಿದೆ. ಸತ್ಯವೇದದಲ್ಲಿ ಬರುವ ಸುಂಕದವನಾದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದ. ನನ್ನಲ್ಲಿ ಅಷ್ಟು ಹಣ ಎಲ್ಲಿತ್ತು? ನಾಲ್ಕು ತಿಂಗಳು ಸಂಬಳದಲ್ಲಿ ಹಿಡಿದುಕೊಂಡರು. ಒಂದು ಪೈಸೆಯೂ ನನ್ನ ಜೇಬಿಗೆ ಬಂದಿರಲಿಲ್ಲ, ಆದರೆ ಸಹಿ ನನ್ನದೇ ಆಗಿತ್ತು. ಆ ತಿಂಗಳುಗಳಲ್ಲಿ ಮನೆ ನಡೆಸಲು ತುಂಬಾ ಕಷ್ಟವಾಯಿತು, ರಾತ್ರಿ ನಿದ್ದೆ ಮಾತ್ರ ಬಂತು.

ಇದನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ಆ ವರ್ಷವೂ ಆಯುಧ ಪೂಜೆಗೆ ನಾನು ಪ್ರಸಾದ ಮುಟ್ಟಿರಲಿಲ್ಲ. ಸಭೆಯಲ್ಲಿ ನನ್ನ ಬಗ್ಗೆ ಒಳ್ಳೆಯ ಸಾಕ್ಷಿ ಇತ್ತು. ಮುಂಬಾಗಿಲಿಗೆ ಭದ್ರವಾಗಿ ಅಗುಳಿ ಹಾಕಿದ್ದೆ, ಹಿತ್ತಿಲ ಬಾಗಿಲು ಪೂರಾ ತೆರೆದಿತ್ತು.

ನಿಮ್ಮ ಪ್ರಸಾದದ ಪ್ರಶ್ನೆಗೆ ಬರುತ್ತೇನೆ. ಇದು ಹಿಂದೆ ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೂ ಇದ್ದ ಪ್ರಶ್ನೆ. ಅಲ್ಲಿ ವಿಗ್ರಹಗಳಿಗೆ ಅರ್ಪಿಸಿದ ಮಾಂಸ ಪೇಟೆಯಲ್ಲಿ ಮಾರಾಟಕ್ಕೆ ಬರುತ್ತಿತ್ತು. ಆ ಸಭೆಗೆ ಪತ್ರ ಬರೆದ ಅಪೊಸ್ತಲ ಪೌಲನು ಹೇಳಿದ್ದು ಹೀಗೆ: ಪೇಟೆಯಲ್ಲಿ ಸಿಕ್ಕಿದ್ದನ್ನು ವಿಚಾರಣೆ ಮಾಡದೆ ತಿನ್ನಿ. ಆದರೆ ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ತಿನ್ನಬೇಡಿ. ಆ ಮಾಂಸಕ್ಕೆ ಏನೋ ಶಕ್ತಿ ಇದೆ ಎಂಬ ಭಯ ಅವನಿಗೆ ಇರಲಿಲ್ಲ. ಅವನ ಕಣ್ಣು ಇದ್ದದ್ದು ಪಕ್ಕದಲ್ಲಿ ಕೂತ ಮನುಷ್ಯನ ಮೇಲೆ.

ನಾನು ಮಾಡುವುದು ಹೀಗೆ. ಹಬ್ಬದ ಹಿಂದಿನ ದಿನ ಎಲ್ಲರ ಜೊತೆ ನಿಂತು ಸ್ಟೋರ್ ಗುಡಿಸುತ್ತೇನೆ, ಗಾಡಿ ತೊಳೆಯುತ್ತೇನೆ. ಪೂಜೆ ನಡೆಯುವಾಗ ಸ್ವಲ್ಪ ದೂರ, ಮರ್ಯಾದೆಯಿಂದ ನಿಲ್ಲುತ್ತೇನೆ. ಪ್ರಸಾದ ಬಂದಾಗ ಕೈ ಮುಗಿದು, "ನಮ್ಮಲ್ಲಿ ತೆಗೆದುಕೊಳ್ಳುವ ಕ್ರಮ ಇಲ್ಲ, ಬೇಜಾರು ಮಾಡ್ಕೊಬೇಡಿ" ಅನ್ನುತ್ತೇನೆ. ಇಷ್ಟು ವರ್ಷದಲ್ಲಿ ಯಾರೂ ಬೇಜಾರು ಮಾಡಿಕೊಂಡಿಲ್ಲ. ಮುಖ ಸಿಂಡರಿಸಿದ್ದರೆ, ಅವರ ದೇವರ ಬಗ್ಗೆ ಹಗುರವಾಗಿ ಮಾತಾಡಿದ್ದರೆ ಖಂಡಿತ ಮಾಡಿಕೊಳ್ಳುತ್ತಿದ್ದರು, ಮಾಡಿಕೊಳ್ಳಲೂ ಬೇಕು. ಇದನ್ನು ಪ್ರೀತಿಯಿಂದ ಕೊಟ್ಟ ತಿಂಡಿ ಎಂದು ತೆಗೆದುಕೊಳ್ಳುವ ಕ್ರೈಸ್ತರೂ ಇದ್ದಾರೆ. ಅವರಿಗೆ ನಾನು ತೀರ್ಪು ಮಾಡುವುದಿಲ್ಲ.

ಅರಾಮ್ ದೇಶದ ಸೇನಾಪತಿ ನಾಮಾನನ ವಿಷಯ ಓದಿದ್ದೀರಾ? 2 ಅರಸುಗಳು 5. ಕುಷ್ಠ ವಾಸಿಯಾದ ಮೇಲೆ ಅವನು ಪ್ರವಾದಿ ಎಲೀಷನಿಗೆ ಹೇಳುತ್ತಾನೆ: ನನ್ನ ಅರಸ ನಮ್ಮ ದೇಶದ ದೇವರಾದ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಹಿಡಿದುಕೊಳ್ಳುತ್ತಾನೆ, ನಾನೂ ಬಾಗಬೇಕಾಗುತ್ತದೆ, ಇದನ್ನು ಯೆಹೋವನು ಕ್ಷಮಿಸಲಿ. ಎಲೀಷ ಬೈಯಲಿಲ್ಲ, ಸಮಾಧಾನದಿಂದ ಹೋಗು ಎಂದ. ಇದನ್ನು ಓದಿ "ಹಾಗಾದರೆ ಏನು ಮಾಡಿದರೂ ನಡೆಯುತ್ತದೆ" ಅನ್ನುವವರನ್ನು ಕಂಡಿದ್ದೇನೆ. ಆದರೆ ನಾಮಾನ ಮುಚ್ಚಿಡಲಿಲ್ಲ, ನೋಡಿ. ಯಾರೂ ಕೇಳುವ ಮೊದಲೇ ದೇವರ ಮನುಷ್ಯನ ಮುಂದೆ ತನ್ನ ಕಷ್ಟ ಬಿಚ್ಚಿಟ್ಟ. ನನ್ನ ರಿಜಿಸ್ಟರಿನ ವಿಷಯವನ್ನು ನಾನು ಸಭೆಯ ಪಾಸ್ಟರ್ ಅಯ್ಯನವರ ಹತ್ತಿರ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಈಗ ಯಾವುದರಲ್ಲಾದರೂ ಅನುಮಾನ ಬಂದರೆ ಮನೆಯಲ್ಲಿ ಹೇಳಬಲ್ಲೆನಾ ಎಂದು ಮೊದಲು ನೋಡುತ್ತೇನೆ. ಬಾಯಿ ಹಿಂದೇಟು ಹಾಕಿದರೆ ಅಲ್ಲೇ ನಿಲ್ಲುತ್ತೇನೆ.

ಇನ್ನು ಸುಳ್ಳು ಸ್ಟಾಕ್. ಇದರಲ್ಲಿ ಎರಡು ಮಾತಿಲ್ಲ, ಹೇಳಬೇಡಿ. ಹೇಗೆ ಬೇಡ ಅನ್ನಬೇಕು ಎಂಬುದನ್ನು ದಾನಿಯೇಲನಿಂದ ಕಲಿಯಬಹುದು. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದ ಯೆಹೂದ್ಯ ಯುವಕ ಅವನು. ಅಲ್ಲಿಯ ಹೆಸರು ಒಪ್ಪಿಕೊಂಡ, ಅವರ ಭಾಷೆ ಕಲಿತ, ಅರಸನ ಕೆಲಸ ಮಾಡಿದ. ಬೇಡ ಎಂದದ್ದು ಅರಸನ ಊಟ, ದ್ರಾಕ್ಷಾರಸ ಮಾತ್ರ. ಅದನ್ನೂ ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದ. ತಟ್ಟೆ ಎದುರಿಗೆ ಬಂದ ಮೇಲೆ ಯೋಚಿಸಲು ಕೂರಲಿಲ್ಲ. ಮೇಲಿನವರ ಹತ್ತಿರ ವಿನಯದಿಂದ ಕೇಳಿ, ಹತ್ತು ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನೋಡಿ ಎಂದ. ನೀವೂ ಮ್ಯಾನೇಜರನ್ನು ಒಬ್ಬರೇ ಇರುವಾಗ ನೋಡಿ. "ಸರ್, ಸ್ಟಾಕ್ ಇಲ್ಲ, ಬಂದ ಕೂಡಲೇ ನಾನೇ ಫೋನ್ ಮಾಡುತ್ತೇನೆ ಅಂತ ಹೇಳುತ್ತೇನೆ. ಒಂದು ತಿಂಗಳು ನೋಡಿ" ಎಂದು ಕೇಳಿ. ಆ ಮೇಲೆ ನಿಜವಾಗಿಯೂ ಫೋನ್ ಮಾಡಿ. ಅರ್ಧ ಗಿರಾಕಿಗಳು ಹೋಗಬಹುದು. ಉಳಿದವರು ನಿಮ್ಮನ್ನೇ ಹುಡುಕಿಕೊಂಡು ಬರುವ ಸಾಧ್ಯತೆಯೂ ಇದೆ, ಆದರೆ ಅದಕ್ಕೆ ನಾನು ಗ್ಯಾರಂಟಿ ಕೊಡಲಾರೆ.

ಕೆಲಸ ಹೋದರೆ? ಹೋಗಬಹುದು. ಅದಕ್ಕೇ ಹೇಳುತ್ತೇನೆ, ಈ ವಯಸ್ಸಿನಲ್ಲಿ ದೊಡ್ಡ ಇಎಂಐ ಕಟ್ಟಿಕೊಳ್ಳಬೇಡಿ. ತಲೆ ಮೇಲೆ ಸಾಲ ಇದ್ದವನ ಬಾಯಲ್ಲಿ "ಆಗುವುದಿಲ್ಲ" ಎಂಬ ಮಾತು ಸುಲಭವಾಗಿ ಬರುವುದಿಲ್ಲ. ನಾನು ಎರಡನೆಯ ಸಹಿ ಹಾಕಿದಾಗ ನನ್ನ ಮೇಲೆ ಮನೆ ಸಾಲ ಇತ್ತು.

ಇನ್ನೊಂದು ಮಾತು ನಮ್ಮ ಸಭೆಗಳವರೂ ಕೇಳಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಆಗ ಕ್ರೈಸ್ತರಾದವರಲ್ಲಿ ಅನೇಕರು ಶೇಂದಿ ಇಳಿಸುವ ಕುಟುಂಬದವರು. ಸಭೆಗೆ ಸೇರಿದ ಮೇಲೆ ಆ ಕಸುಬು ಬಿಟ್ಟರು. ಮನೆಯವರ, ಊರವರ ಆಸರೆಯೂ ತಪ್ಪಿತು. ಮಿಷನ್ನಿನವರು ಅವರಿಗೆ ಬರೀ ಪ್ರಸಂಗ ಕೊಟ್ಟು ಕಳಿಸಲಿಲ್ಲ. ನೇಯ್ಗೆ ಕೆಲಸ ಶುರುವಾಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ನಮ್ಮ ಮುತ್ತಜ್ಜ ಅಂಥ ಕಾರ್ಖಾನೆಯ ಕೂಲಿಯಲ್ಲೇ ಮಕ್ಕಳನ್ನು ಸಾಕಿದವರು. ರಾಜಿ ಮಾಡಿಕೊಳ್ಳಬೇಡ ಎಂದು ಹೇಳುವ ಸಭೆ, ರಾಜಿ ಮಾಡಿಕೊಳ್ಳದವನ ಮನೆಯ ಅಕ್ಕಿ ಡಬ್ಬಿಯನ್ನೂ ನೋಡಬೇಕು. ನನ್ನ ಆ ನಾಲ್ಕು ತಿಂಗಳಲ್ಲಿ ಸಭೆಯ ಇಬ್ಬರು ಹಿರಿಯರು ಯಾರಿಗೂ ಹೇಳದೆ ಮಗಳ ಶಾಲೆ ಫೀಸು ಕಟ್ಟಿದರು. ನೀವೂ ಒಂಟಿಯಾಗಿ ಇದನ್ನು ಹೊರಬೇಡಿ. ಸಭೆಯಲ್ಲಿ ನಂಬುವಂಥ ಒಬ್ಬರಿಗಾದರೂ ಈ ವಾರವೇ ಹೇಳಿ.

ಒಂದು ವಿಷಯಕ್ಕೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಪ್ರಸಾದ, ಕುಂಕುಮ ಅಂತ ನೂರು ಪ್ರಶ್ನೆ ಕೇಳುವ ನಾವೇ, ಮಗಳಿಗೆ ಗಂಡು ನೋಡುವಾಗ "ಅವರು ಮೊದಲು ಯಾವ ಜಾತಿ?" ಎಂದು ಮೆಲ್ಲಗೆ ವಿಚಾರಿಸುತ್ತೇವೆ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರನು ಅನ್ಯಜನರ (ಯೆಹೂದ್ಯರಲ್ಲದ ವಿಶ್ವಾಸಿಗಳ) ಜೊತೆ ಊಟ ಮಾಡುತ್ತಿದ್ದವನು, ಯೆಹೂದ್ಯರು ಬಂದಾಗ ಅವರಿಗೆ ಹೆದರಿ ಹಿಂದೆ ಸರಿದ. ಪೌಲ ಎಲ್ಲರ ಮುಂದೆ ಅವನನ್ನು ಎದುರಿಸಿದ. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ದಕ್ಷಿಣ ಭಾರತದ ಸಭೆಗಳಿಗೆ ಜಾತಿ ಭೇದವನ್ನು ಪೂರಾ ಬಿಡಿ ಎಂದು ಬರೆದಿದ್ದರು. ಇವತ್ತಿಗೂ ಬಿಟ್ಟಿಲ್ಲ. ನಾಳೆ ನಿಮ್ಮ ಮದುವೆ ಮಾತು ಬಂದಾಗ ಮನೆಯವರು ಇಲ್ಲೂ "ಅಡ್ಜಸ್ಟ್ ಮಾಡು" ಅನ್ನಬಹುದು. ಆಗ ಏನು ಹೇಳುತ್ತೀರಿ ಎಂದು ಈಗಲೇ ನಿಶ್ಚಯಿಸಿಕೊಳ್ಳಿ.

ಮ್ಯಾನೇಜರ್ ಹತ್ತಿರ ಮಾತಾಡಿದ ಮೇಲೆ ಏನಾಯಿತು ಎಂದು ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ನಮ್ಮ ಮನೆಯ ರಾತ್ರಿ ಪ್ರಾರ್ಥನೆಯಲ್ಲಿ ನಿಮ್ಮನ್ನು ನೆನೆಯುತ್ತೇವೆ. ಹೆಸರು ಗೊತ್ತಿಲ್ಲ, ಸೇಲ್ಸ್ ಕೆಲಸದ ತಮ್ಮ ಅಂತ ಹೇಳಿದರೆ ದೇವರಿಗೆ ತಿಳಿಯುತ್ತದೆ.