ನಾಲ್ಕು ತಿಂಗಳು ಇಂಗ್ಲಿಷಿನಲ್ಲೇ ಚಾಟ್ ಮಾಡಿದೆ

ಎರಡು ವರ್ಷ ಡೇಟಿಂಗ್ ಆ್ಯಪ್‌ನಲ್ಲಿದ್ದು ಸಾಕಾಗಿದೆ, ಡಿಲೀಟ್ ಮಾಡಿ ನೇರವಾಗಿ ಯಾರನ್ನಾದರೂ ಹುಡುಕಿಕೊಳ್ಳುವುದೇ ವಾಸಿನಾ ಅಂತ ಕೇಳಿದ್ದೀರಿ. 2019ರಲ್ಲಿ ಬಿಟಿಎಂ ಲೇಔಟಿನ ಪಿಜಿಯಲ್ಲಿ, ರೂಮ್‌ಮೇಟ್ ಮಲಗಿದ ಮೇಲೆ ಹೊದಿಕೆಯೊಳಗೆ ಫೋನ್ ಹಿಡಿದುಕೊಂಡು ನಾನೂ ಇದನ್ನೇ ಯೋಚಿಸುತ್ತಿದ್ದೆ.

ನಾನು ದಾವಣಗೆರೆಯವಳು. ನಾನು ಆಗ ಬಳಸುತ್ತಿದ್ದದ್ದು ಹುಡುಗಿಯೇ ಮೊದಲು ಮೆಸೇಜ್ ಮಾಡಬೇಕಿದ್ದ ಆ್ಯಪ್. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಮ್ಯಾಚ್ ಆದ 24 ಗಂಟೆಯೊಳಗೆ ಬರೆಯಬೇಕಿತ್ತು, ಇಲ್ಲದಿದ್ದರೆ ಮ್ಯಾಚ್ ಹೋಯಿತು. ಆ ಅವಸರದಲ್ಲೇ ಒಬ್ಬರಿಗೆ ಇಂಗ್ಲಿಷಿನಲ್ಲಿ ಬರೆದೆ. ಅವರೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು. ಹಾಗೇ ನಾಲ್ಕು ತಿಂಗಳು ನಡೆಯಿತು.

ನಾನು ಎಡವಿದ್ದು ಇಲ್ಲೇ. ಬಿಡಿಸಿ ಹೇಳುತ್ತೇನೆ. ಒಂದೊಂದು ಮೆಸೇಜನ್ನೂ ಮೊದಲು ಬೇರೆ ಕಡೆ ಟೈಪ್ ಮಾಡಿ, ಸ್ಪೆಲಿಂಗ್ ನೋಡಿ, ಆಮೇಲೆ ಕಳಿಸುತ್ತಿದ್ದೆ. ಸಿಟ್ಟು ಬಂದರೂ ನಯವಾಗಿ ಬರೆಯುತ್ತಿದ್ದೆ. ಅಪ್ಪನಿಗೆ ಹುಷಾರಿಲ್ಲದೆ ಊರಿಗೆ ಓಡಿದ ವಾರ 'ಫ್ಯಾಮಿಲಿ ಸ್ಟಫ್' ಅಂತ ಎರಡೇ ಪದ ಹಾಕಿದೆ. ಆಸ್ಪತ್ರೆ ವರಾಂಡದಲ್ಲಿ ಅಮ್ಮನ ಪಕ್ಕ ಕೂತಾಗ ಆಗುವ ಸಂಕಟ ನನಗೆ ಇಂಗ್ಲಿಷಿನಲ್ಲಿ ಹೇಳಲು ಬರುವುದೇ ಇಲ್ಲ. ಅವರ ಹೆಸರು ನೋಡಿದರೆ ಯಾವ ರಾಜ್ಯದವರೂ ಆಗಿರಬಹುದಿತ್ತು. ಕನ್ನಡ ಬರುತ್ತಾ ಅಂತ ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಸಣ್ಣ ಊರಿನವಳು ಅಂದುಕೊಂಡಾರು ಅನ್ನುವ ಭಯ. ಭೇಟಿಯಾಗೋಣ ಅಂತ ಅವರು ಮೂರು ಸಲ ಕರೆದರು. ಮೂರು ಸಲವೂ ನೆಪ ಹೇಳಿದೆ. ಎದುರು ಕೂತರೆ ಅಷ್ಟು ಚೆನ್ನಾಗಿ ಮಾತಾಡಲು ನನ್ನಿಂದ ಆಗುವುದಿಲ್ಲ ಅಂತ ಗೊತ್ತಿತ್ತು.

ಕೊನೆಗೆ ಜಯನಗರದ ಒಂದು ಕಾಫಿ ಅಂಗಡಿಯಲ್ಲಿ ಸಿಕ್ಕೆವು. ಟ್ರಾಫಿಕ್, ಮಳೆ, ಆಫೀಸು. ಇಪ್ಪತ್ತು ನಿಮಿಷಕ್ಕೆ ಮಾತು ಮುಗಿಯಿತು. ಅವರು ಖಾಲಿ ಸಕ್ಕರೆ ಪೊಟ್ಟಣವನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದ್ದರು. ಆಗ ಅವರಿಗೆ ಫೋನ್ ಬಂತು. "ಹೂಂ ಯವ್ವಾ, ಉಂಡೀನಿ. ನೀ ಗುಳಗಿ ತಗೊಂಡೇನು?"

ಹುಬ್ಬಳ್ಳಿ ಕಡೆಯ ಕನ್ನಡ! ಆ ದನಿಯಲ್ಲಿ ಎಷ್ಟು ಅಕ್ಕರೆ ಇತ್ತು ಅಂದರೆ ನನಗೆ ಅಳು ಬಂತು. ಇಷ್ಟು ದಿನ ಈ ಮನುಷ್ಯನ ಜೊತೆ ನಾನು ಮಾತೇ ಆಡಿರಲಿಲ್ಲ.

ಆಮೇಲೆ ಎರಡು ಸಲ ಸಿಕ್ಕೆವು, ಕನ್ನಡದಲ್ಲೇ ಮಾತಾಡಿದೆವು. ಆದರೆ ಅವರು ಮೆಚ್ಚಿದ್ದು ಆ ಮೆಸೇಜುಗಳ ಹುಡುಗಿಯನ್ನು. ಅವಳು ನಾನಾಗಿರಲಿಲ್ಲ. ಅವರದೇನೂ ತಪ್ಪಿಲ್ಲ.

ಹಾಗಾಗಿ ಆ್ಯಪ್ ವಾಸಿಯೋ ನೇರ ಭೇಟಿ ವಾಸಿಯೋ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆ್ಯಪ್ ಪರಿಚಯ ಮಾಡಿಸುತ್ತದೆ, ಅಷ್ಟೇ. ನಾನೂ ಡಿಲೀಟ್ ಮಾಡಿ ವಾರ ವಾರ ಟ್ರೆಕ್ಕಿಂಗ್ ಗುಂಪುಗಳ ಜೊತೆ ಹೋದೆ. ಅಲ್ಲೂ ಹಾಗೇ ಅಳೆದು ತೂಗಿ ಮಾತಾಡಿದೆ, ಹಾಗೇ ವಾಪಸ್ ಬಂದೆ. ನೀವು ಮ್ಯಾಚ್ ಆದ ವಾರದಲ್ಲೇ ಒಂದು ಸಲ ಫೋನಿನಲ್ಲಿ ಮಾತಾಡಿ. ಮನೆಯಲ್ಲಿ ಆಡುವ ಭಾಷೆ ಇಬ್ಬರಿಗೂ ಒಂದೇ ಆಗಿದ್ದರೆ ಅದರಲ್ಲೇ ಮಾತಾಡಿ. ಹತ್ತು ದಿನದೊಳಗೆ, ಜನ ಓಡಾಡುವ ಜಾಗದಲ್ಲಿ ಭೇಟಿಯಾಗಿ. ಕಬ್ಬನ್ ಪಾರ್ಕ್ ಸಾಕು, ದುಡ್ಡೂ ಖರ್ಚಾಗಲ್ಲ. ತಿಂಗಳುಗಟ್ಟಲೆ ಚಾಟ್ ಮಾತ್ರ ದಯವಿಟ್ಟು ಬೇಡ.

ನನ್ನ ಗಂಡ ಸಿಕ್ಕಿದ್ದು 2022ರಲ್ಲಿ, ಮತ್ತೆ ಹಾಕಿಕೊಂಡ ಅದೇ ಆ್ಯಪ್‌ನಲ್ಲಿ. ಮೊದಲ ಮೆಸೇಜೇ ಕನ್ನಡದಲ್ಲಿ ಹಾಕಿದೆ. ಆರನೇ ದಿನ ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕಕ್ಕೆ ಹೋಗೋಣ ಅಂದುಕೊಂಡೆವು. ಅಲ್ಲಿ ಏಳೂವರೆಗೆ ಬಾಗಿಲು ಹಾಕಿದರೆ ಮುಗಿಯಿತು, ಯಾರನ್ನೂ ಒಳಗೆ ಬಿಡುವುದಿಲ್ಲ. ಇವರು ಬಂದಿದ್ದು ಏಳು ಮೂವತ್ತೈದಕ್ಕೆ. "ಟೈಮಿಗೆ ಬಾಗಿಲು ಹಾಕ್ತಾರ್ರೀ ಅಂತ ಹೇಳಿದ್ನೋ ಇಲ್ಲೋ?" ಅಂತ ಅಲ್ಲೇ ನಿಂತು ಜೋರು ಮಾಡಿದೆ. ಅವರು ಸಾರಿ ಕೇಳಿ, ಅಲ್ಲಿನ ಕೆಫೆಯಲ್ಲಿ ಎರಡು ಪ್ಲೇಟ್ ಸಾಬುದಾನ ವಡೆ ತಂದರು. ನಾಟಕ ಮುಗಿದು ಜನ ಹೊರಗೆ ಬರುವವರೆಗೂ ಅಲ್ಲೇ ಕೂತು ಮಾತಾಡಿದೆವು. ಅಪ್ಪನ ಆಸ್ಪತ್ರೆಯ ಕಥೆಯನ್ನು ಅವತ್ತೇ ಪೂರ್ತಿ ಹೇಳಿದೆ.