ದೂರದಲ್ಲಿರುವ ತಂಗಿ, ರೇಗುವ ಅಣ್ಣ

ಅಪ್ಪ ಅಮ್ಮನನ್ನು ನೋಡಿಕೊಳ್ಳುವ ವಿಷಯಕ್ಕೆ ಒಡಹುಟ್ಟಿದವರು ಮಾತು ಬಿಡುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ದೂರು ತರುವವರಲ್ಲಿ ಹೆಚ್ಚಿನವರು ದೂರದಲ್ಲಿರುವವರೇ. ಜೊತೆಯಲ್ಲಿದ್ದು ನೋಡಿಕೊಳ್ಳುವವರಿಗೆ ಬರಲು ಪುರುಸೊತ್ತೇ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಹಾಗೆ ಬಂದ ಒಬ್ಬ ತಂಗಿಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಾಯಿಸಿ.

ಆಕೆಗೆ 44 ವರ್ಷ, ಬೆಂಗಳೂರಿನಲ್ಲಿ ಕೆಲಸ. ಅಮ್ಮನಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. 4 ವರ್ಷದಿಂದ ತುಮಕೂರಿನ ಕಡೆ ಅಣ್ಣನ ಮನೆಯಲ್ಲಿದ್ದಾರೆ. ಈಕೆ ತಿಂಗಳಿಗೊಂದು ಭಾನುವಾರ ಹೋಗಿ ಸಂಜೆಗೆ ವಾಪಸ್.

"ಅಣ್ಣ ಅಮ್ಮನ ಮೇಲೆ ರೇಗ್ತಾನೆ ಮೇಡಂ. ಕರುಳೇ ಇಲ್ಲ ಅವನಿಗೆ. ನೀವು ಕರೆಸಿ ಬುದ್ಧಿ ಹೇಳಿ."

ನಾನು ಮೊದಲು ಬೇರೆಯದನ್ನೇ ಕೇಳಿದೆ. ಹೊಡೆಯುತ್ತಾರಾ? ಊಟ, ಮಾತ್ರೆ ತಪ್ಪುತ್ತಾ? ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರಾ? ಯಾವುದೂ ಇಲ್ಲ. ಇದ್ದಿದ್ದರೆ ನನ್ನ ಸಲಹೆಯೇ ಬೇರೆ. ಹಿರಿಯರ ಸಹಾಯವಾಣಿ 14567 ಮೊದಲು ಕೊಡುತ್ತಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಅಣ್ಣನನ್ನು ಸುಮ್ಮನೆ ಬಿಟ್ಟೆ ಎಂದು ಸಹೋದ್ಯೋಗಿಯೊಬ್ಬರು ಬೇಜಾರು ಮಾಡಿಕೊಂಡರು. ಕಾಯಿಲೆಯಾದ ತಾಯಿಯ ಮೇಲೆ ರೇಗುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ನನ್ನ ಎದುರು ಕೂತಿದ್ದವರು ತಂಗಿ. ನಾನು ಕೆಲಸ ಮಾಡಬಹುದಾಗಿದ್ದು ಅವರ ಜೊತೆ.

5 ದಿನ ರಜೆ ಹಾಕಿ, ಅಣ್ಣ ಅತ್ತಿಗೆಯನ್ನು ಎಲ್ಲಿಗಾದರೂ ಕಳಿಸಿ, ನೀವೊಬ್ಬರೇ ಅಮ್ಮನ ಜೊತೆ ಇರಿ ಎಂದೆ. ಸಿಟ್ಟು ಬಂತು. "ತಪ್ಪು ಅವನದು, ಶಿಕ್ಷೆ ನನಗಾ?" ಅಂದರು. ಆದರೂ ಹೋದರು.

ವಾಪಸ್ ಬಂದಾಗ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಮೂರನೇ ರಾತ್ರಿಯ ಕಥೆ ಹೇಳಿದರು. ಅಮ್ಮ ಪಕ್ಕದೂರಿನ ಅಂಗನವಾಡಿಗೆ ದಿನಾ ಬಸ್ಸಲ್ಲಿ ಹೋಗಿ ಬಂದವರು. ರಾತ್ರಿ ಎರಡು ಗಂಟೆಗೆ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರಂತೆ. "ಬಸ್ ಬಂತಾ?" ಕರೆದುಕೊಂಡು ಬಂದು ಮಲಗಿಸಿದರೆ ಹತ್ತು ನಿಮಿಷಕ್ಕೆ ಮತ್ತೆ ಚಿಲಕದ ಸದ್ದು. "ಬಸ್ ಬಂತಾ?" ಆರನೇ ಸಲ ಈಕೆ ಕಿರುಚಿಬಿಟ್ಟರು: "ಯಾವ ಬಸ್ಸೂ ಬರಲ್ಲ! ಸುಮ್ನೆ ಬಿದ್ಕೋ!" ಅಮ್ಮ ಚೀಲವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದರಂತೆ.

"ಅಣ್ಣ ಹೇಳೋ ಮಾತೇ ಮೇಡಂ. ಒಂದಕ್ಷರ ಬದಲಾಗಿಲ್ಲ."

"ಆಗ ನಿಮ್ಮ ಬಗ್ಗೆ ನಿಮಗೆ ಏನನ್ನಿಸಿತು?"

"ಮೂರು ರಾತ್ರಿಯಿಂದ ನಿದ್ದೆ ಇಲ್ಲ, ಅದಕ್ಕೇ ಹೀಗಾಯ್ತು ಅನ್ನಿಸ್ತು."

"ಅಣ್ಣ ರೇಗಿದಾಗ?"

ಮುಚ್ಚಳ ತಿರುಗಿಸುವುದು ನಿಂತಿತು. "ಕರುಳಿಲ್ಲ ಅಂದೆ." ಸ್ವಲ್ಪ ತಡೆದು, "ಅವನಿಗೆ 4 ವರ್ಷದ ರಾತ್ರಿ, ಅಲ್ವಾ?"

ನಾನು ಏನೂ ಸೇರಿಸಲಿಲ್ಲ. 1971ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಬರೆದದ್ದು ಇದನ್ನೇ: ನಾವು ಎಡವಿದರೆ ಪರಿಸ್ಥಿತಿ ಕಾರಣ, ಬೇರೆಯವರು ಎಡವಿದರೆ ಅವರ ಗುಣವೇ ಹಾಗೆ. ಈಕೆಗೆ ಅದನ್ನು ನಾನು ಮೊದಲ ದಿನವೇ ವಿವರಿಸಬಹುದಿತ್ತು. ತಲೆಯಾಡಿಸಿ ಹೋಗುತ್ತಿದ್ದರು, ಅಷ್ಟೆ. ಕೆಲವು ವಿಷಯ ನಿದ್ದೆಗೆಟ್ಟವರಿಗೆ ಮಾತ್ರ ಅರ್ಥವಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಂದು ಹೇಳಿದ ಸಲಹೆ ಇಷ್ಟು. ಒಂದು ತಿಂಗಳು ಅಣ್ಣನಿಗೆ ಫೋನಲ್ಲಿ ಬುದ್ಧಿಮಾತು ಬೇಡ. ಪ್ರತಿ ತಿಂಗಳು ಕೆಲವು ರಾತ್ರಿ ನಿಮ್ಮ ಪಾಲಿಗಿರಲಿ. ಆಗದಿದ್ದರೆ ರಾತ್ರಿ ಪಾಳಿಗೆ ಒಬ್ಬರನ್ನು ಇಟ್ಟು ಸಂಬಳ ನೀವು ಕೊಡಿ. ಅಣ್ಣನಿಗೆ ಕೈ ಮೀರಿತು ಅನ್ನಿಸಿದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ನಂಬರ್ ಕೊಡಿ. ಅಮ್ಮ ಮತ್ತೆ ಮತ್ತೆ ಬಸ್ ಕೇಳುವುದು ಹಟದಿಂದಲ್ಲ ಎಂಬುದನ್ನೂ ಹೇಳಿದೆ. ಈಗಷ್ಟೇ ಕೊಟ್ಟ ಉತ್ತರ ಅವರಲ್ಲಿ ನಿಲ್ಲುವುದಿಲ್ಲ, ಹಳೆಯ ಅಭ್ಯಾಸ ಉಳಿದಿರುತ್ತದೆ. ವಾದ ಮಾಡಿದರೆ ಗಾಬರಿ ಜಾಸ್ತಿಯಾಗುತ್ತದೆ.

ಆಕೆ ಅಲ್ಲೇ ಕೂತು ಅಣ್ಣನಿಗೆ ಉದ್ದದ ಕ್ಷಮಾಪಣೆ ಟೈಪ್ ಮಾಡತೊಡಗಿದರು. ಅದು ಬೇಡ, ಒಂದು ಪ್ರಶ್ನೆ ಕೇಳಿ ಎಂದೆ. "ಅಮ್ಮ ರಾತ್ರಿ ಬಸ್ ಕೇಳಿದಾಗ ನೀನೇನು ಮಾಡ್ತೀಯ?" ಎಂದು ಕಳಿಸಿದರು.

ಉತ್ತರ ರಾತ್ರಿ ಬಂತಂತೆ. ಮರುದಿನ ನನಗೂ ತೋರಿಸಿದರು.

"ಎಷ್ಟೋ ಸಲ ರೇಗಿಬಿಡ್ತೀನಿ. ರೇಗದೇ ಇದ್ದ ದಿನ ಚೀಲ ನಾನು ಹಿಡ್ಕೊಂಡು ಅಂಗಳದಲ್ಲಿ ಒಂದು ಸುತ್ತು ನಡೆಸ್ತೀನಿ. ಈ ಬಸ್ ಹೋಯ್ತಮ್ಮ, ಬೆಳಗ್ಗೆ ಇನ್ನೊಂದು ಇದೆ ಅಂತೀನಿ. ಬಂದು ಮಲಗ್ತಾಳೆ."