ಹೆಣ್ಣಿನ ಕಡೆ ಮಾತ್ರ ವಿಚಾರಿಸಿದರೆ ಸಾಕೇ?

ಪಾಂಡವಪುರದ ಓದುಗರೊಬ್ಬರ ಪತ್ರ: "ಬಣ್ಣಗುರುಡು, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಮುಂತಾದವು ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತವೆಂದು ನಿಮ್ಮ ಪತ್ರಿಕೆಯಲ್ಲೇ ಓದಿದೆ. ಮಗನಿಗೆ ಹೆಣ್ಣು ನೋಡುತ್ತಿದ್ದೇವೆ. ಹೆಣ್ಣಿನ ಅಣ್ಣತಮ್ಮಂದಿರನ್ನೂ ಸೋದರಮಾವಂದಿರನ್ನೂ ವಿಚಾರಿಸಬೇಕೆಂಬ ಹಿರಿಯರ ಮಾತು ವಿಜ್ಞಾನಕ್ಕೂ ಒಪ್ಪುತ್ತದೆಯಲ್ಲವೇ?"

ಉತ್ತರ: ಒಪ್ಪುತ್ತದೆ, ತಾಯಿಯ ಸೋದರರ ವಿಷಯವನ್ನು ವೈದ್ಯರೂ ಕೇಳುತ್ತಾರೆ. ಆದರೆ ತಾವು ಇಷ್ಟು ಶ್ರದ್ಧೆಯಿಂದ ಬರೆದ ಪತ್ರದಲ್ಲಿ ಗಂಡಿನ ಕಡೆಯ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನಗೆ ನೋವುಂಟುಮಾಡಿತು.

ಈ ಗುಣಗಳ ಜೀನು ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ (ಕ್ರೋಮೋಸೋಮಿನಲ್ಲಿ). ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದರಲ್ಲಿ ದೋಷವಿದ್ದರೂ ಸಾಮಾನ್ಯವಾಗಿ ಇನ್ನೊಂದು ಕೆಲಸ ನಡೆಸುತ್ತದೆ. ಗಂಡಿಗೆ ತಾಯಿ ಕೊಟ್ಟ ಒಂದೇ ಎಕ್ಸ್, ಹಾಗಾಗಿ ಅದರ ದೋಷ ಹೊರಗೆ ಕಾಣಿಸಿಕೊಳ್ಳುತ್ತದೆ. ವಾಹಕಿಯಾದ, ಎಂದರೆ ಒಂದು ಎಕ್ಸಿನಲ್ಲಿ ಮಾತ್ರ ದೋಷವುಳ್ಳ ತಾಯಿಯ ಪ್ರತಿಯೊಬ್ಬ ಮಗನಿಗೂ ದೋಷ ಬರುವ ಸಂಭವ ಅರ್ಧದಷ್ಟು. ದೋಷವುಳ್ಳ ತಂದೆಯಾದರೋ ಮಗನಿಗೆ ಎಕ್ಸ್ ಬದಲು ವೈ ವರ್ಣತಂತುವನ್ನು ಕೊಡುವುದರಿಂದ ಅವನಿಗೆ ದೋಷವನ್ನು ದಾಟಿಸುವುದಿಲ್ಲ, ಆದರೆ ತನ್ನ ಒಂದೇ ಎಕ್ಸನ್ನು ಪ್ರತಿಯೊಬ್ಬ ಮಗಳಿಗೂ ಕೊಡುತ್ತಾನೆ. ಅಲ್ಲಿ ಅರ್ಧದ ಲೆಕ್ಕವೇ ಇಲ್ಲ.

ಮದ್ದೂರಿನ ಬಳಿ ನಮ್ಮ ಬಂಧುವೊಬ್ಬರಿಗೆ ಗಿಡದಲ್ಲಿ ಹಣ್ಣಾದ ಮೆಣಸಿನಕಾಯಿಗೂ ಹಸಿಯದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕೊಯ್ಯುವಾಗ ಮಕ್ಕಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅವರ ಹಿರಿಮಗಳ ಮಗ ರೈಲು ಚಾಲಕನ ಹುದ್ದೆಗೆ ಹೋಗಿ ಬಣ್ಣದ ಪರೀಕ್ಷೆಯಲ್ಲಿ ಸೋತು ಬಂದಾಗ, "ನಿನ್ನ ಹೊಟ್ಟೆಯ ದೋಷ" ಎಂದು ಅತ್ತೆಮನೆಯವರು ಆ ತಾಯಿಯನ್ನು ಆಡಿಕೊಂಡರು. ಅವಳಿಗೆ ಆ ಎಕ್ಸ್ ಕೊಟ್ಟ ತಂದೆ ಊರಿನಲ್ಲಿ ಜಗಲಿಯ ಮೇಲೆ ಗೌರವದಿಂದ ಕುಳಿತಿದ್ದರು.

ಪಾಠಗಳಲ್ಲಿಯೂ ಇದೇ ಕಥೆ. ಹಿಮೋಫಿಲಿಯಾ ಎಂದೊಡನೆ ವಿಕ್ಟೋರಿಯಾ ರಾಣಿಯನ್ನು ಹೆಸರಿಸುತ್ತೇವೆ. 1884ರಲ್ಲಿ ತೀರಿಕೊಂಡ ಅವಳ ಮಗ ಲಿಯೊಪೋಲ್ಡ್‌ನಿಂದ ಅವನ ಮಗಳು ಆಲಿಸ್‌ಗೂ, ಅವಳಿಂದ 1928ರಲ್ಲಿ ತೀರಿಕೊಂಡ ಮೊಮ್ಮಗ ರೂಪರ್ಟ್‌ಗೂ ಅದು ಇಳಿದದ್ದನ್ನು ಎಷ್ಟು ತರಗತಿಗಳಲ್ಲಿ ಹೇಳುತ್ತಾರೆ?

ನಮ್ಮ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯೂ ಇದೆ. ಸೋದರಮಾವನಿಗೆ ದೋಷವಿದ್ದರೆ ಅದೇ ಜೀನು ಅಕ್ಕನ ಮೂಲಕ ವಧುವಿಗೂ ಬಂದಿರಬಹುದು. ಆಗ ಅವರಿಗೆ ಹುಟ್ಟುವ ಹೆಣ್ಣುಮಗುವಿನಲ್ಲಿಯೂ ದೋಷ ಕಾಣಿಸಿಕೊಳ್ಳಬಹುದು. ಅಮೆರಿಕದ ವಿಜ್ಞಾನಿ ಮಾರ್ಗನ್ 1910ರಲ್ಲಿ ಬಿಳಿಗಣ್ಣಿನ ಗಂಡು ಹಣ್ಣುನೊಣವನ್ನು ಅದರ ಸಂತತಿಯ ಹೆಣ್ಣುಗಳೊಡನೆಯೇ ಕೂಡಿಸಿ ಬಿಳಿಗಣ್ಣಿನ ಹೆಣ್ಣುಗಳನ್ನು ಪಡೆದದ್ದು ಹೀಗೆಯೇ. ಅದೇ ಹಣ್ಣುನೊಣಗಳನ್ನು ನಮ್ಮ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಸಂಶೋಧನೆಗಾಗಿ ಸಾಕುತ್ತಾರೆ. ಆ ತಿಳಿವಳಿಕೆ ಮಾತ್ರ ಅಲ್ಲಿಂದ ಮದುವೆ ಮಾತುಕತೆಯ ಚಾಪೆಯವರೆಗೆ ಬಂದಿಲ್ಲ. ಪಿಯುಸಿಯಲ್ಲಿ ಅಂಕಕ್ಕಾಗಿ ಎಕ್ಸ್, ವೈಗಳ ಚೌಕ ಬರೆದು, ಮಗು ಗಂಡೋ ಹೆಣ್ಣೋ ಎಂಬುದು ತಂದೆ ಕೊಡುವ ವರ್ಣತಂತುವಿನ ಮೇಲಿದೆಯೆಂದು ಕಲಿತ ಹುಡುಗನೇ, ಹೆಣ್ಣು ಹೆತ್ತಳೆಂದು ಮನೆಯವರು ಅತ್ತಿಗೆಯನ್ನು ಬೈಯುವಾಗ ಸುಮ್ಮನಿರುತ್ತಾನೆ.

ಇನ್ನೊಂದು ಮಾತು. ಹಿಮೋಫಿಲಿಯಾ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಒಂದು, ವಂಶದಲ್ಲಿ ಯಾರಿಗೂ ಇಲ್ಲದ ಮನೆಯಲ್ಲಿ ಹುಟ್ಟುತ್ತದೆ. ಸೋದರಮಾವಂದಿರನ್ನು ಎಷ್ಟು ವಿಚಾರಿಸಿದರೂ ಅದು ತಿಳಿಯದು.

ಆದ್ದರಿಂದ ಬೀಗರಾಗುವವರ ಮನೆಗೆ ಹೋಗುವ ಮುನ್ನ ತಾವು ಮಗನನ್ನು ಕಣ್ಣಿನ ವೈದ್ಯರ ಬಳಿ ಕರೆದೊಯ್ದು, ಬಣ್ಣದ ಚುಕ್ಕಿಗಳ ನಡುವಿನ ಅಂಕಿಗಳನ್ನು ಓದಿಸಿ. ಬಂದ ಫಲವನ್ನು ಹೆಣ್ಣಿನ ತಂದೆಗೆ ತಾವೇ ಮೊದಲು ಹೇಳಿ.

– ಸಂ.